ಮರಿಲಿಂಗಮ್ಮನ ಕಾರಿನ ಎಡಗಡೆ ಸೀಟು

ಮರಿಲಿಂಗಮ್ಮನ ಬಿಳಿ ಕಾರಿನಲ್ಲಿ ನಾನು ಬಹಳ ದಿನ ಹಿಂದಿನ ಸೀಟಿನಲ್ಲೇ ಕೂತು ಓಡಾಡಿದ್ದೇನೆ. ಮುಂದೆ, ಅವಳ ಎಡಕ್ಕೆ, ಒಂದು ಸೀಟು ಯಾವಾಗಲೂ ಖಾಲಿ. ಖಾಲಿ ಅಂದರೆ ಪೂರಾ ಖಾಲಿಯಲ್ಲ, ಅದರ ಮೇಲೆ ಅವಳ ಊಟದ ಚೀಲ ಮಹಾರಾಣಿಯ ಹಾಗೆ ಕೂತಿರುತ್ತಿತ್ತು. ನಾನು ದಪ್ಪ ಮೈಯವಳು, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂರುವುದು ಒಂದು ಶಿಕ್ಷೆ. "ಆ ಚೀಲ ಹಿಂದಿಟ್ಟು ನನಗ ಮುಂದ ಜಾಗಾ ಕೊಡಬಾರದೇನವಾ?" ಎಂದು ಮೊದಲ ವಾರವೇ ಕೇಳಿದ್ದೆ.

"ಅದು ಅವರ ಸೀಟು ಅಕ್ಕೋರ" ಎಂದಿದ್ದಳು.

ಅವರು ಅಂದರೆ ಅವಳ ಗಂಡ ಯಂಕಣ್ಣ. ಆ ಮನುಷ್ಯ ಹೆಂಡತಿ ನಡೆಸುವ ಕಾರಿನಲ್ಲಿ ಒಂದು ದಿನವೂ ಕೂತವನಲ್ಲ. ಬರದವನಿಗೆ ಸೀಟು ಹಿಡಿದಿಟ್ಟು ಬಂದವಳನ್ನು ಹಿಂದೆ ತುರುಕುವುದು ಯಾವ ನ್ಯಾಯ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಹತ್ತುತ್ತಿದ್ದೆ, ಏಕೆಂದರೆ ಬಸ್ಸಿನ ಸಹವಾಸ ಇದಕ್ಕಿಂತ ಕಷ್ಟದ್ದು.

ನಾನು ಕಲ್ಯಾಣಮ್ಮ. ಶಹಾಪುರದ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟ ಮನೆತನದವಳು, ಬೋನಾಳದ ಶಾಲೆಯಲ್ಲಿ ಕನ್ನಡ ಕಲಿಸಿ ಈಚೆಗೆ ನಿವೃತ್ತಳಾದವಳು. ಮರಿಲಿಂಗಮ್ಮ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ನನಗಿಂತ ಬಹಳ ಚಿಕ್ಕವಳು. ಇಬ್ಬರ ಮನೆಯೂ ಶಹಾಪುರದಲ್ಲಿ. ಶಾಲೆ ಮುಟ್ಟಬೇಕೆಂದರೆ ಸುರಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಆ ಇನ್ನೊಂದು ಬಸ್ಸು ಪ್ರಾರ್ಥನೆಯ ಹೊತ್ತಿಗೆ ಬಂದದ್ದನ್ನು ನಾನು ನನ್ನ ನೌಕರಿಯಲ್ಲಿ ಕಂಡಿಲ್ಲ. ಹಾಗಾಗಿ ಅವಳು ಕಾರು ತರಲು ಶುರು ಮಾಡಿದ ದಿನ ನಾನು ಒಳಗೊಳಗೇ ಕೈಮುಗಿದೆ. ನನ್ನ ಕೊರಳಲ್ಲಿ ಲಿಂಗ, ಅವಳ ಸ್ಟೀರಿಂಗಿನ ಮುಂದೆ ಅಂಗೈಯಷ್ಟು ಬುದ್ಧ. ಇಬ್ಬರನ್ನೂ ನಂಬಿ ರಸ್ತೆಗೆ ಇಳಿಯುತ್ತಿದ್ದೆವು.

ಅವಳು ಹುಟ್ಟಿದ್ದು ಸಗರದಲ್ಲಿ, ನಮ್ಮ ಕಡೆ ಕಾಲುವೆ ತೋಡುತ್ತಿದ್ದ ವರ್ಷಗಳಲ್ಲಿ. ಅವಳ ತಾಯಿ ದೇವಕಮ್ಮ ಮಣ್ಣು ಹೊರುವ ಕೂಲಿಗೆ ಹೋಗುವಾಗ ಕೂಸನ್ನು ಹಳೆಯ ಸೀರೆಯ ಜೋಳಿಗೆಯಲ್ಲಿ ಹಾಕಿ ಬೇವಿನ ಟೊಂಗೆಗೆ ಕಟ್ಟುತ್ತಿದ್ದಳಂತೆ. ಬುಲ್ಡೋಜರಿನ ಸದ್ದಿಗೆ ನಿದ್ದೆ ಹೋಗುವ ಅಭ್ಯಾಸವಾಗಿ, ಕೆಲಸ ಮುಗಿದು ಯಂತ್ರ ನಿಂತ ಕೂಡಲೇ ಕೂಸು ಎದ್ದು ಅಳುತ್ತಿತ್ತಂತೆ. ಇದನ್ನು ಹೇಳುವಾಗ ಮರಿಲಿಂಗಮ್ಮನಿಗೆ ನಗು ತಡೆಯುವುದಿಲ್ಲ. ಮುಂದೆ ಅವಳು ಅದೇ ಕಾಲುವೆಯ ದಂಡೆ ಹಿಡಿದು ಶಾಲೆಗೆ ನಡೆದಳು, ಓದಿದಳು, ಶಿಕ್ಷಕಿಯಾದಳು, ಅದೇ ಕಾಲುವೆಯ ಗೇಟು ನೋಡಿಕೊಳ್ಳುವ ಯಂಕಣ್ಣನನ್ನು ಮದುವೆಯಾದಳು.

ಯಂಕಣ್ಣ ಕೆಟ್ಟವನಲ್ಲ. ಇದನ್ನು ಬರೆಯಲು ನನಗೆ ಕಷ್ಟವಾದರೂ ಬರೆಯಬೇಕು. ಕುಡಿಯುವುದಿಲ್ಲ, ಬೈಯುವುದಿಲ್ಲ, ಹೆಂಡತಿ ತಡವಾಗಿ ಬಂದ ದಿನ ರೊಟ್ಟಿ ಬಡಿದಿಟ್ಟು ಕಾಯುತ್ತಾನೆ. ಅವನ ತೊಂದರೆ ಬೇರೆ. ಮದುವೆಯಾದ ಹೊಸದರಲ್ಲಿ ಅವನೂ ಅವನ ಅಣ್ಣ ಈಶಪ್ಪನೂ ಒಂದು ನಿಬ್ಬಣದ ಜೀಪಿನಲ್ಲಿ ಹೊರಟಿದ್ದರು. ಡ್ರೈವರ್ ಪರಿಚಯದವನೇ, ಮಾತಿನ ಭರದಲ್ಲಿ ಜೋರು ಹೊಡೆದ, ಹತ್ತಿ ತುಂಬಿದ ಟ್ರ್ಯಾಕ್ಟರ್ ದಾಟಲು ಹೋಗಿ ಜೀಪು ತುಂಬಿ ಹರಿಯುವ ಕಾಲುವೆಗೆ ಇಳಿಯಿತು. ಯಂಕಣ್ಣ ಈಜಿ ದಂಡೆ ಹತ್ತಿದ. ಅಣ್ಣ ಹತ್ತಲಿಲ್ಲ.

ಅಂದಿನಿಂದ ಅವನು ಇನ್ನೊಬ್ಬರು ನಡೆಸುವ ಗಾಡಿ ಹತ್ತುವುದಿಲ್ಲ. ಹಳೆಯ ಕಾರೊಂದನ್ನು ಕೊಂಡದ್ದೂ ಅದಕ್ಕೇ, ತಾನೇ ನಡೆಸಬಹುದೆಂದು. ಸರಕಾರಿ ಬಸ್ಸಿಗೆ ಮಾತ್ರ ವಿನಾಯಿತಿ, ಅದು ಯಾಕೆ ಎಂದು ಕೇಳಿದರೆ "ಅದು ಬಸ್ಸು ಅಲ್ಲೇನ್ರಿ" ಎನ್ನುತ್ತಾನೆ, ಅದೇ ಉತ್ತರ ಎಂಬಂತೆ.

ವಾರವಿಡೀ ಮನೆಯ ಮುಂದೆ ನಿಂತಿರುತ್ತಿದ್ದ ಆ ಕಾರನ್ನು ನೋಡಿ ನೋಡಿ ಮರಿಲಿಂಗಮ್ಮ ಒಂದು ಬೇಸಿಗೆ ರಜೆಯಲ್ಲಿ ಸರದಾರಸಾಬರ ಡ್ರೈವಿಂಗ್ ಶಾಲೆಗೆ ಸೇರಿದಳು. ಸರದಾರಸಾಬರು ಶಹಾಪುರದ ಅರ್ಧ ಜನಕ್ಕೆ ಕಾರು ಕಲಿಸಿದವರು, ಯಾರಿಗೂ ಮುಲಾಜು ತೋರಿಸಿದವರಲ್ಲ. "ಟೀಚರ್, ಆ ಕ್ಲಚ್ಚಿನ ಮ್ಯಾಲ ಯಾಕಿಷ್ಟು ಸಿಟ್ಟು? ಮಗ್ಗಿ ಮರತದೇನು?" ಎಂದು ಮೊದಲ ದಿನವೇ ಕೇಳಿದರಂತೆ. ಆದರೆ ಲೈಸೆನ್ಸ್ ಬಂದ ದಿನ ಅವರೇ ಪೇಡೆ ತಂದು ಹಂಚಿದರು.

ಯಂಕಣ್ಣ ಬೇಡ ಎನ್ನಲಿಲ್ಲ. "ನಡಸು. ನಾ ಯಾಕ ಬ್ಯಾಡ ಅನ್ನಲಿ? ಆದ್ರ ನನಗ ಬಂದು ಕುಂದ್ರು ಅನ್ನಬ್ಯಾಡ" ಎಂದ. ಅಂದ ಹಾಗೆಯೇ ನಡೆದುಕೊಂಡ. ಸಗರದಲ್ಲಿ ಮನೆಯವರ ಕಾರ್ಯವಿದ್ದರೆ ಇವಳು ಕಾರಿನಲ್ಲಿ ಬುಟ್ಟಿ, ಬೋಗುಣಿ, ಅತ್ತಿಗೆಯರನ್ನೆಲ್ಲ ತುಂಬಿಕೊಂಡು ಹೋಗುವುದು, ಆತ ಬಸ್ಸು ಹಿಡಿದು ಊಟದ ಎರಡನೆಯ ಪಂಕ್ತಿಗೆ ಬಂದು ಕೂರುವುದು. ಕಾರ್ಯಕ್ಕೆ ಬಂದವರು ನಗದೆ ಬಿಡುತ್ತಾರೆಯೇ? "ಏನ್ ಯಂಕಣ್ಣ, ಹೆಂಡ್ತಿ ನಡುದಾರ್ಯಾಗ ಇಳಿಸಿ ಬಂದಾಳೇನು?" ಎನ್ನುವರು. ಅವನು ನಕ್ಕು ಎಲೆಯ ಮುಂದೆ ಕೂರುತ್ತಿದ್ದ, ಇವಳ ಮುಖ ಬಾಡುತ್ತಿತ್ತು.

"ನಗೋ ಮಂದಿ ನಗಲಿ ಅಕ್ಕೋರ" ಎಂದು ಒಮ್ಮೆ ಕಾರು ನಡೆಸುತ್ತಲೇ ಹೇಳಿದಳು. "ಆದ್ರ ನನ್ನ ಕೈಯಾಗ ಅವರ ಜೀವಾ ಇಡಾಕ ಮನಸ್ಸು ಒಪ್ಪಲ್ಲಲಾ, ಅದು ನೋಯತದ. ಜೀವನಾನ ಕೊಟ್ಟಾರ, ಬೋನಾಳ ತನಕ ಬರಾಕ ಆಗಲ್ಲ." ಆ ದಿನದಿಂದ ಊಟದ ಚೀಲದ ಬಗ್ಗೆ ತಕರಾರು ತೆಗೆಯುವುದನ್ನು ಬಿಟ್ಟೆ.

ಅಷ್ಟರಲ್ಲಿ ಕಾರಿನ ವಿಮೆ ಮುಗಿಯಲು ಬಂತು. ಬಸ್ ನಿಲ್ದಾಣದ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟು ಜೊತೆಗೆ ವಿಮೆ ಮಾಡಿಸುವ ಚನ್ನಯ್ಯನ ಹತ್ತಿರ ಗಂಡ ಹೆಂಡತಿ ಹೋಗಿದ್ದರು. ನಾನೂ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಅಲ್ಲಿದ್ದೆ. ಚನ್ನಯ್ಯ ನಮ್ಮ ಓಣಿಯ ಹುಡುಗ, ಮಾತಿನ ಮಲ್ಲ. ಕಂಪನಿಯ ಹೊಸ ಯೋಜನೆಯೊಂದನ್ನು ಬಿಚ್ಚಿದ.

"ಸ್ಟೀರಿಂಗ್ ಕೆಳಗ ಒಂದು ಸಣ್ಣ ಡಬ್ಬಿ ಕುಂದ್ರಸ್ತೀವ್ರಿ. ಎಷ್ಟು ಜೋರು ಹೋದ್ರಿ, ಎಲ್ಲಿ ಗಪ್ಪನ ಬ್ರೇಕ್ ಒತ್ತಿದ್ರಿ, ಯಾವ ಹೊತ್ತಿನ್ಯಾಗ ಗಾಡಿ ತಗದ್ರಿ, ಎಲ್ಲಾ ಅದು ಕಂಪನಿಗೆ ಮುಟ್ಟಸ್ತದ. ತಿಂಗಳಿಗೊಮ್ಮಿ ನೂರಕ್ಕ ಇಷ್ಟು ಅಂತ ಮಾರ್ಕ್ಸ್ ಫೋನಿಗೆ ಬರ್ತಾವ. ಛಲೋ ನಡಸಿದ್ರ ಮುಂದಿನ ವರ್ಷ ವಿಮಾದಾಗ ರಿಯಾಯಿತಿ."

"ಚಾಡಿ ಹೇಳೋದನ್ನ ತಂದು ಕಾರಿನ್ಯಾಗ ಕುಂದ್ರಸ್ತೀನಿ ಅಂತಿ" ಎಂದೆ ನಾನು. ಯಾರಿಗೋ ನಮ್ಮ ಹೋಗು ಬರುವಿನ ಸುದ್ದಿ ಯಾಕೆ? ನನಗೆ ಇಂಥವು ಹಿಡಿಸುವುದಿಲ್ಲ. ಶಾಲೆಗೆ ತಪಾಸಣೆಗೆ ಬರುವವರನ್ನೇ ನಾನು ಸರಿಯಾಗಿ ಮಾತಾಡಿಸಿದವಳಲ್ಲ.

ಮರಿಲಿಂಗಮ್ಮ ಮಾತ್ರ ಕಣ್ಣರಳಿಸಿ ಕೇಳುತ್ತಿದ್ದಳು. "ನನಗ ಬೇಕದು" ಎಂದಳು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇದು: "ಅಕ್ಕೋರ, ನಾ ಸ್ಟೀರಿಂಗ್ ಹಿಡದ ದಿನದಿಂದ ಊರ ಮಂದಿ ನೋಡಾಕತ್ತಾರ. ಚಾದಂಗಡಿಯವ್ರು ನೋಡ್ತಾರ, ಬಸ್ಸಿನವ್ರು ಕಿಡಕ್ಯಾಗಿಂದ ಬಗ್ಗಿ ನೋಡ್ತಾರ. ಎಲ್ಲಾರೂ ಫುಕಟ್ ನೋಡೋರೇ. ನಾ ಯಾವತ್ತು ಗುದ್ದತೀನಿ ಅಂತ ಕಾಯೋರು. ಈ ಡಬ್ಬಿನಾದ್ರೂ ಛಲೋ ನಡಸಿದ ದಿನ ಛಲೋ ಅಂತದಲ."

ಅವಳ ಮನಸ್ಸಿನಲ್ಲಿದ್ದದ್ದು ರಿಯಾಯಿತಿಯಲ್ಲ. ಅದು ಆಮೇಲೆ ಗೊತ್ತಾಯಿತು. ಡಬ್ಬಿ ಕೂರಿಸಿದ ದಿನ ಗಂಡನ ಎದುರಿಗೆ ನಿಂತು ಕೇಳಿದ್ದಳು: "ನನ್ನ ಮಾತು ನಂಬಬ್ಯಾಡ್ರಿ. ಅಕ್ಕೋರ ಮಾತೂ ನಂಬಬ್ಯಾಡ್ರಿ. ಈ ಡಬ್ಬಿಗೆ ನನ್ನ ಮ್ಯಾಲ ಪ್ರೀತಿನೂ ಇಲ್ಲ, ಸಿಟ್ಟೂ ಇಲ್ಲ. ಸಂಕ್ರಾಂತಿ ತನಕ ಅದು ಛಲೋ ಅಂತ ಹೇಳಿದ್ರ ಬಂದು ಕುಂದ್ರತೀರಿ? ಹೊಳಿ ಸ್ನಾನಕ್ಕ ಇಬ್ಬರೂ ಕೂಡಿ ಹೋಗೂಣು."

ಯಂಕಣ್ಣ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ನೋಡೂಣು" ಎಂದನಂತೆ. ಅವನ ಬಾಯಲ್ಲಿ ಅದು ಹೂಂ ಎಂದ ಹಾಗೆಯೇ.

ಆಮೇಲಿನ ದಿನಗಳಲ್ಲಿ ನನ್ನ ಪಾಡು ಕೇಳಬೇಡಿ. ಮೊದಲೇ ಅವಳದು ನಿಧಾನದ ಕೈ. ಈಗ ದೂರದಲ್ಲಿ ಕುರಿ ಹಿಂಡಿನ ಧೂಳು ಕಂಡರೆ ಸಾಕು, ಗೇರ್ ಇಳಿಸುವಳು. ರಸ್ತೆಯುಬ್ಬನ್ನು ಬಾಣಂತಿಯನ್ನು ಕರೆದೊಯ್ಯುವವರ ಹಾಗೆ ಹತ್ತಿಸಿ ಇಳಿಸುವಳು. ಭತ್ತದ ಲಾರಿಗಳು, ಕಬ್ಬಿನ ಟ್ರ್ಯಾಕ್ಟರುಗಳು, ಕಡೆಗೆ ಹಾಲಿನ ಕ್ಯಾನು ಕಟ್ಟಿದ ಮೋಟರ್ ಸೈಕಲ್ಲುಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು. "ಇಳದು ನಡಕೋತ ಹೋದ್ರ ಜಲ್ದಿ ಮುಟ್ಟತೀವಿ ನೋಡು" ಎಂದು ನಾನು ಗೊಣಗುವುದು, ಅವಳು "ಮಾರ್ಕ್ಸ್ ಅಕ್ಕೋರ, ಮಾರ್ಕ್ಸ್" ಎಂದು ನಗುವುದು.

ಮಾರ್ಕ್ಸ್ ಬರುತ್ತಿದ್ದದ್ದು ಯಂಕಣ್ಣನ ಫೋನಿಗೆ, ಕಾರು ಅವನ ಹೆಸರಿನಲ್ಲಿದ್ದ ಕಾರಣ. ಮೊದಲ ತಿಂಗಳು ತೊಂಬತ್ತರ ಹತ್ತಿರ ಬಂತು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದನಂತೆ. ಎರಡನೆಯ ತಿಂಗಳು ಇನ್ನೂ ಜಾಸ್ತಿ. ಉಳಿದ ಮಾರ್ಕ್ಸ್ ಎಲ್ಲಿ ಹೋದವು ಎಂದು ಕೇಳಿದನಂತೆ. ಎಮ್ಮೆ ಅಡ್ಡ ಬಂದದ್ದನ್ನು ಇವಳು ಹೇಳಿದ್ದು, ಯಾವ ಕಡೆಯಿಂದ ಬಂತು, ಎಷ್ಟು ದೂರದಲ್ಲಿ ಕಂಡಿತು ಎಂದೆಲ್ಲ ಆತ ವಿಚಾರಿಸಿದ್ದು. ಇವಳು ಮರುದಿನ ನನಗೆ ಇದನ್ನೆಲ್ಲ ವರದಿ ಮಾಡುವಾಗ ಮುಖ ಹೊಸ ಮದುಮಗಳ ಹಾಗೆ ಕೆಂಪಾಗಿರುತ್ತಿತ್ತು. ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಕೃಷ್ಣೆಗೆ ಹೋಗುವುದೆಂದು ಅವನೇ ಬಾಯಿಬಿಟ್ಟು ಹೇಳಿದ. ನನಗೂ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಆ ಡಬ್ಬಿಯ ಮೇಲೆ ಸ್ವಲ್ಪ ಅಕ್ಕರೆಯೂ ಬಂತು.

ಸಂಕ್ರಾಂತಿಯ ಹಿಂದಿನ ವಾರಗಳು ನಮ್ಮ ಕಡೆ ಹುರಳಿ ಕೀಳುವ ಕಾಲ. ಬೋನಾಳಕ್ಕೆ ಹೊರಳುವ ರಸ್ತೆಯಲ್ಲಿ ಮೋನಮ್ಮ ಎಂಬ ಮುದುಕಿಯ ಚೂರು ಹೊಲವಿದೆ. ಕಾಲುವೆ ಬಂದು ಊರೆಲ್ಲ ಭತ್ತ ಬೆಳೆದರೂ ಉಪಕಾಲುವೆಯ ತುದಿಯ ಆ ಹೊಲಕ್ಕೆ ನೀರು ಮುಟ್ಟಿದ್ದು ಕಡಿಮೆ, ಹಾಗಾಗಿ ಅವಳದು ಹುರಳಿಯೇ. ಅಷ್ಟು ಸಣ್ಣ ರಾಶಿಗೆ ಯಾವ ಯಂತ್ರದವನೂ ಬರುವುದಿಲ್ಲ, ಎತ್ತುಗಳು ಊರಲ್ಲಿ ಉಳಿದಿಲ್ಲ. ಒಣಗಿದ ಬಳ್ಳಿಯನ್ನು ಡಾಂಬರಿನ ಮೇಲೆ ಹರವಿ, ಓಡಾಡುವ ಗಾಡಿಗಳ ಗಾಲಿಯಿಂದ ಕಾಳು ಬಿಡಿಸಿಕೊಳ್ಳುವುದು ಅವಳಿಗೆ ಉಳಿದ ದಾರಿ. ರಸ್ತೆಯ ಮೇಲೆ ರಾಶಿ ಮಾಡಬಾರದು ಎಂದು ಪೊಲೀಸರು ಹೇಳುತ್ತಾರೆ, ಬಳ್ಳಿ ಸುತ್ತಿಕೊಂಡು ಗಾಡಿಗೆ ಬೆಂಕಿ ಹತ್ತಿದ್ದೂ ಉಂಟು. ಅದು ನಮಗೂ ಗೊತ್ತು, ಮೋನಮ್ಮನಿಗೂ ಗೊತ್ತು.

ನಮ್ಮ ಕಾರು ಕಂಡರೆ ಅವಳು ಎರಡೂ ಕೈ ಎತ್ತುವಳು. "ಯವ್ವಾ ಅಕ್ಕೋರ, ಒಂದೀಟು ಹಿಂದ ಮುಂದ ಆಡಸ್ರಿ!" ಮರಿಲಿಂಗಮ್ಮ ಒಂದು ಸಲವೂ ಇಲ್ಲ ಎಂದವಳಲ್ಲ. ಶಾಲೆ ಬಿಟ್ಟು ಬರುವಾಗ ಬೇರೆ ಗಾಡಿ ಇಲ್ಲದ್ದು ನೋಡಿ, ಬಳ್ಳಿಯ ಮೇಲೆ ಕಾರನ್ನು ಎತ್ತಿನ ನಡಿಗೆಯಲ್ಲಿ ಮುಂದೆ ಬಿಡುವಳು, ಹರವಿದ್ದು ಮುಗಿದ ಕಡೆ ಗಪ್ಪನೆ ನಿಲ್ಲಿಸುವಳು, ಹಿಂದಕ್ಕೆ ಬರುವಳು, ಮತ್ತೆ ನಿಲ್ಲಿಸುವಳು. ಹಾಗೆ ಗಪ್ಪನೆ ನಿಂತರೆ ಗಾಲಿಯ ಕೆಳಗಿನ ಕಾಯಿ ತಿಕ್ಕಿ ಬಿರಿಯುತ್ತದೆ ಎಂದು ಮೋನಮ್ಮನೇ ಕಲಿಸಿದ್ದಳು. ನಡುನಡುವೆ ಇಳಿದು ಗಾಡಿಯ ಕೆಳಗೆ ಬಗ್ಗಿ, ಸುತ್ತಿಕೊಂಡ ಬಳ್ಳಿಯನ್ನು ಕಿತ್ತು ಹಾಕುವಳು. ನಾನು ಜಾಲಿಯ ನೆರಳಲ್ಲಿ ಕೂತು ಮುದುಕಿಯ ಜೊತೆ ಹರಟುತ್ತಿದ್ದೆ. ಡಿಸೆಂಬರ್ ತಿಂಗಳ ಎಷ್ಟೋ ಸಂಜೆ ಹೀಗೆ ಕಳೆದವು.

ತಿಂಗಳು ಮುಗಿದು ಮಾರ್ಕ್ಸ್ ಬಂತು. ನೂರಕ್ಕೆ ಮೂವತ್ತೆಂಟು. ಕೆಳಗೆ ಎಚ್ಚರಿಕೆಯ ಸಾಲು ಬೇರೆ, ಪದೇ ಪದೇ ಜೋರಾಗಿ ಬ್ರೇಕ್ ಹಾಕಲಾಗಿದೆ, ಅಪಾಯಕಾರಿ ಚಾಲನೆ.

ಯಂಕಣ್ಣ ಕೂಗಾಡಲಿಲ್ಲ. ಫೋನನ್ನು ಅವಳ ಮುಂದೆ ಇಟ್ಟು, "ಏನ್ ನಡಸೀದಿ ಇದು?" ಎಂದು ಕೇಳಿದ. ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ಯಾವ ಲಾರಿ, ಯಾವ ಎಮ್ಮೆ, ಯಾವ ತಿರುವು ಎಂದು ತಲೆ ಕೆಡಿಸಿಕೊಂಡಳು. ನನ್ನನ್ನು ಕೇಳಿದಳು, ನಾನೂ ನೆನಪು ಮಾಡಿಕೊಂಡು ಸೋತೆ. ಹುರಳಿಯ ವಿಷಯ ನಮ್ಮಿಬ್ಬರ ತಲೆಗೂ ಬರಲಿಲ್ಲ. ನೀವು ನಗಬಹುದು. ಆದರೆ ಅದು ಕಣದ ಕೆಲಸ, ಕಾರು ನಡೆಸುವುದಲ್ಲ. ಕಣದಲ್ಲಿ ತಿರುಗಿದ ಎತ್ತನ್ನು ಊರಿಗೆ ಹೋಗಿ ಬಂತು ಎಂದು ಯಾರಾದರೂ ಅನ್ನುತ್ತಾರೆಯೇ? ನಮ್ಮ ಲೆಕ್ಕದಲ್ಲಿ ಆ ಹೊತ್ತು ಕಾರು ಕಾರೇ ಆಗಿರಲಿಲ್ಲ.

"ಡಬ್ಬಿಗೆ ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ನೀನ ಅಂದಿದ್ದಿ" ಎಂದಷ್ಟೇ ಹೇಳಿ ಯಂಕಣ್ಣ ಕೀಲಿಯನ್ನು ಬುದ್ಧನ ಫೋಟೊದ ಹತ್ತಿರ ಇಟ್ಟ. ಸಂಕ್ರಾಂತಿಯ ಮಾತು ಎತ್ತಲಿಲ್ಲ. ಮರಿಲಿಂಗಮ್ಮ ಕೀಲಿ ಮುಟ್ಟಲಿಲ್ಲ. ಯಾರೂ ತಡೆದಿರಲಿಲ್ಲ, ಅವಳಿಗೇ ಕೈ ಬರಲಿಲ್ಲ. "ಅವರ ಅಂಜಿಕಿ ಖರೆ ಇರಬಹುದು ಅಕ್ಕೋರ. ನನಗ ನನ್ನ ಕೈ ತಿಳಿದಿಲ್ಲೋ ಏನೋ" ಎಂದಳು ಮರುದಿನ ಬಸ್ ನಿಲ್ದಾಣದಲ್ಲಿ. ಅಷ್ಟು ಚೆನ್ನಾಗಿ ನಡೆಸುವವಳು ಹಾಗೆ ಅಂದಳು.

ಒಂದು ವಾರ ಬಸ್ಸಿನಲ್ಲಿ ಓಡಾಡಿದೆವು. ಸುರಪುರದಲ್ಲಿ ಕಾದು, ನಿಂತು, ತಳ್ಳಿಸಿಕೊಂಡು, ಪ್ರಾರ್ಥನೆ ತಪ್ಪಿಸಿಕೊಂಡು. ನನ್ನ ತಾಳ್ಮೆ ಮುಗಿಯಿತು. ಶುಕ್ರವಾರ ಸಂಜೆ ಯಂಕಣ್ಣನನ್ನು ಅವನ ಮನೆಯಿಂದ ಎಬ್ಬಿಸಿಕೊಂಡು ಚನ್ನಯ್ಯನ ಅಂಗಡಿಗೆ ಹೋದೆ. "ಎಲ್ಲಿ, ಯಾವಾಗ, ಏನು ತಪ್ಪು ಮಾಡ್ಯಾಳ, ತೋರಸು. ಮಾರ್ಕ್ಸ್ ಕಡಿಮಿ ಕೊಟ್ರ ನಾವು ಪೇಪರ್ ತೋರಸ್ತೀವಿ. ನಿನ್ನ ಕಂಪನಿನೂ ತೋರಸಲಿ" ಎಂದೆ. ಚನ್ನಯ್ಯ ಕಂಪ್ಯೂಟರಿನಲ್ಲಿ ನಕಾಶೆ ತೆಗೆದ. ಶಹಾಪುರದಿಂದ ಬೋನಾಳದ ತನಕ ಹಸಿರು ಗೆರೆ, ಒಂದೇ ಕಡೆ ಕೆಂಪು ಚುಕ್ಕೆಗಳು ಇರುವೆ ಮುತ್ತಿದ ಹಾಗೆ ಗುಂಪಾಗಿದ್ದವು.

"ಉಳಿದ ರಸ್ತಾದಾಗ ಒಂದೂ ತಪ್ಪಿಲ್ರಿ" ಎಂದ ಚನ್ನಯ್ಯ. "ಈ ಜಾಗಾದಾಗ ಏನೋ ಅದ."

ನಕಾಶೆಯ ಮೇಲೆ ಜಾಲಿಮರವೂ ಇಲ್ಲ, ಮೋನಮ್ಮನೂ ಇಲ್ಲ, ನನಗೆ ಅದು ಯಾವ ಜಾಗ ಎಂದು ಹೊಳೆಯಲಿಲ್ಲ. ಯಂಕಣ್ಣ ಬಗ್ಗಿ ಆ ಚುಕ್ಕೆಗಳನ್ನೇ ನೋಡಿದ, ಅವನ ಮುಖ ಸಣ್ಣಗಾಗಿತ್ತು. ಅಲ್ಲಿ ತನ್ನ ಹೆಂಡತಿ ಏನೋ ದೊಡ್ಡ ಗಂಡಾಂತರದಿಂದ ಪಾರಾಗುತ್ತಿದ್ದಾಳೆ, ತನಗೆ ಹೇಳುತ್ತಿಲ್ಲ ಎಂದು ಅವನ ಎಣಿಕೆ. ಅದನ್ನು ಅವನೇ ಆಮೇಲೆ ಹೇಳಿದ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ನಾನೂ ಮರಿಲಿಂಗಮ್ಮನೂ ಬೋನಾಳದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯ ಕಡೆ ಕೂತಿದ್ದ ಅವಳು ಒಮ್ಮೆಲೇ ಎದ್ದು ನಿಂತಳು. "ಅಕ್ಕೋರ, ನಮ್ಮ ಕಾರು!" ರಸ್ತೆಯ ಮೇಲೆ ಹುರಳಿ ಹರವಿತ್ತು. ಅದರ ನಟ್ಟನಡುವೆ ನಮ್ಮ ಬಿಳಿ ಕಾರು ನಿಂತಿತ್ತು. ಯಂಕಣ್ಣ ಅದರ ಕೆಳಗೆ ತಲೆ ತೂರಿಸಿ ಮಲಗಿದ್ದ, ಹೊರಗೆ ಕಾಣುತ್ತಿದ್ದದ್ದು ಅವನ ಕಾಲು ಮಾತ್ರ. ಮೋನಮ್ಮ ಸೊಂಟದ ಮೇಲೆ ಕೈಯಿಟ್ಟು ಆ ಕಾಲುಗಳಿಗೆ ಬುದ್ಧಿ ಹೇಳುತ್ತಿದ್ದಳು. ಕಂಡಕ್ಟರನಿಂದ ಸೀಟಿ ಊದಿಸಿ ಇಳಿದೆವು.

"ಇಂವ ಯಾರವಾ ಅಕ್ಕೋರ?" ಮುದುಕಿ ನಮ್ಮನ್ನು ಕಂಡದ್ದೇ ದೂರು ಶುರು ಮಾಡಿದಳು. "ನಿಮ್ಮ ಕಾರು ಬಂತು ಅಂತ ಕೈ ಮಾಡಿದೆ. ಇಲ್ಲೇನಾಗ್ಯದ, ಯಾಕ ಇಲ್ಲಿ ಬ್ರೇಕ್ ಹಾಕ್ತಾರ ಅಂತ ನನಗ ಕೇಳ್ತಾನ. ಹುರಳಿ ಬಡಿಯಾಕ ಹಾಕ್ತಾರಪಾ, ಮತ್ಯಾಕ ಅಂದೆ. ನಮ್ಮ ಅಕ್ಕೋರು ಹ್ಯಾಂಗ ನಡಸ್ತಾರ ಗೊತ್ತದೇನು, ಒಂದು ಕಾಳು ಒಡಿಯಲ್ಲ, ಗಾಡಿ ಮಲಗಿದ ಕೂಸಿನ ಮಗ್ಗಲದಾಗ ಹೋದಂಗ ಹೋಗ್ತದ ಅಂದೆ. ನಾನೂ ಆಡಸ್ತೀನಿ ತಡಿ ಅಂದ. ಆಡಿಸಿದ ನೋಡು! ಭರ್ರನ ಬಂದು ಎಲ್ಲಾ ಸುತಗೊಂಡು ಕುಂತಾನ!"

ಕಾರಿನ ಕೆಳಗಿನಿಂದ ಯಂಕಣ್ಣ ಹೊರಗೆ ಬಂದ. ತಲೆಯ ತುಂಬ ಹೊಟ್ಟು, ಮೂಗಿನ ಮೇಲೆ ಗ್ರೀಸು. ನಾನು ನಗು ತಡೆಯಲಾರದೆ ಜಾಲಿಮರದ ಕಡೆ ಹೋದೆ. ಅಷ್ಟರಲ್ಲಿ ನನಗೂ ಎಲ್ಲ ಹೊಳೆದಿತ್ತು. ಮರಿಲಿಂಗಮ್ಮ ಹಣೆ ಬಡಿದುಕೊಂಡಳು.

"ಇದಾ? ಇದಕ್ಕ ಮೂವತ್ತೆಂಟಾ?" ಎಂದಳು.

"ನನಗ ಹೇಳಬಾರದೇನು?" ಎಂದ ಯಂಕಣ್ಣ.

"ನನಗ ಗೊತ್ತಿದ್ರಲ್ಲ ಹೇಳಾಕ!"

ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಅವನು ಬಿಡಿಸಲಾಗದ ಬಳ್ಳಿಯನ್ನು ಎಲ್ಲಿ ಹಿಡಿದು ಎಳೆಯಬೇಕೋ ಅಲ್ಲಿ ಹಿಡಿದು ಎಳೆದಳು. ಬಂತು. ಕೈ ಜಾಡಿಸಿ ಸ್ಟೀರಿಂಗಿನ ಮುಂದೆ ಕೂತಳು, ಊಟದ ಚೀಲವನ್ನು ಅಭ್ಯಾಸದಂತೆ ಪಕ್ಕದ ಸೀಟಿಗೆ ಇಟ್ಟಳು. ಮೋನಮ್ಮ ಮುಂದೆ ಬಂದು ಅರ್ಧ ರಾಶಿ ಉಳಿದಿದೆ, ಮಳೆ ಮೋಡ ಬೇರೆ ಕಾಣುತ್ತಿದೆ ಎಂದಳು. ಮರಿಲಿಂಗಮ್ಮನ ಕೈ ಕೀಲಿಯ ಮೇಲೆಯೇ ನಿಂತಿತು. ಗಂಡನ ಕಡೆ ನೋಡಿದಳು.

"ಡಬ್ಬಿ ಅದರಿ" ಎಂದಳು. "ಮತ್ತ ಮಾರ್ಕ್ಸ್ ಹೋಗ್ತಾವ. ಈ ತಿಂಗಳೂ ಹೋದ್ರ ರಿಯಾಯಿತಿ ಇಲ್ಲ."

ಯಂಕಣ್ಣ ಮುದುಕಿಯ ರಾಶಿಯನ್ನು ನೋಡಿದ. ಕಾರನ್ನು ನೋಡಿದ. ಆಮೇಲೆ ಬಳಸಿಕೊಂಡು ಎಡಗಡೆಯ ಬಾಗಿಲಿಗೆ ಬಂದ. ಬಾಗಿಲು ತೆಗೆದು, ಊಟದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕೂತ. ಬೆಲ್ಟು ಹುಡುಕಲು ಅವನ ಕೈ ರೂಢಿಯಂತೆ ಬಲ ಹೆಗಲಿಗೆ ಹೋಗಿ ಬರಿದಾಗಿ ವಾಪಸು ಬಂತು. ಮರಿಲಿಂಗಮ್ಮ ಬಾಗಿ ಎಡಗಡೆಯಿಂದ ಎಳೆದು ಹಾಕಿದಳು.

"ಆ ಡಬ್ಬಿಗೆ ಹುರಳಿ ಏನ್ ಗೊತ್ತು?" ಎಂದ ಯಂಕಣ್ಣ. "ಹೋಗಲಿ ರಿಯಾಯಿತಿ. ಹೊಡಿ."

ರಿಯಾಯಿತಿ ಹೋಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಚನ್ನಯ್ಯ ಕಂಪನಿಗೆ ಎಷ್ಟು ತಿಳಿಸಿ ಬರೆದರೂ ಅವರಿಗೆ ಹುರಳಿ ಅರ್ಥವಾಗಲಿಲ್ಲ. ಮರಿಲಿಂಗಮ್ಮ ಡಬ್ಬಿಯನ್ನು ತೆಗೆಸಲಿಲ್ಲ. ಇನ್ನೊಂದು ವರ್ಷ ನೋಡೋಣ, ಹುರಳಿ ಕಾಲಕ್ಕೆ ಮೋನಮ್ಮನಿಗೆ ಬೇರೆ ಏನಾದರೂ ದಾರಿ ಹುಡುಕೋಣ ಎಂದಳು.

ಆ ಮಧ್ಯಾಹ್ನ ಕಾರು ಬಳ್ಳಿಯ ಮೇಲೆ ಮುಂದೆ ಹೋಯಿತು, ಹಿಂದೆ ಬಂತು. ಎತ್ತಿಗಿಂತ ನಿಧಾನ. ಯಂಕಣ್ಣ ಬಾಗಿಲಿನ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಅವಚಿಕೊಂಡು ಕೂತಿದ್ದ. ಮೋನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಯಾಕ ಯಪ್ಪಾ, ವಿಮಾನದಾಗ ಕುಂತಂಗ ಮಾಡಾಕತ್ತಿ?" ಎಂದಳು. ಅವನು ಕಾಲುವೆಯಲ್ಲಿ ಕೆಲಸ ಮಾಡುವವನು ಎಂದು ನಾನು ಸುಮ್ಮನಿರಲಾರದೆ ಹೇಳಿಬಿಟ್ಟೆ. ಮುದುಕಿ ನಗು ನಿಲ್ಲಿಸಿ ಕಾರಿನ ಜೊತೆಜೊತೆಗೇ ನಡೆಯುತ್ತ, ತನ್ನ ಹೊಲಕ್ಕೆ ನೀರು ಯಾವಾಗ ಬರುತ್ತದೆ ಎಂದು ಕಿಟಕಿಯಲ್ಲಿ ಕೇಳತೊಡಗಿದಳು. ಓಡಿ ಹೋಗಲು ಅವನಿಗೆ ದಾರಿ ಇರಲಿಲ್ಲ. ಉತ್ತರ ಹೇಳುವ ಗಡಿಬಿಡಿಯಲ್ಲಿ ಅವನ ಒಂದು ಕೈ ಹಿಡಿಕೆ ಬಿಟ್ಟಿತು.

ರಾಶಿ ಮುಗಿದು ಮೋನಮ್ಮ ಕಾಳು ಗುಡ್ಡೆ ಮಾಡುವ ಹೊತ್ತಿಗೆ ನಾವು ಹೊರಟೆವು. ಯಂಕಣ್ಣ ಇಳಿದು ಸ್ಟೀರಿಂಗಿನ ಕಡೆ ಬರುತ್ತಾನೆಂದು ನಾನು ತಿಳಿದಿದ್ದೆ. ಅವನು ಇಳಿಯಲಿಲ್ಲ. ಮರಿಲಿಂಗಮ್ಮ ಗೇರ್ ಹಾಕಿದಳು.

ನಾನು ಹಿಂದೆ ಕೂತು ಒಂದು ಭಾಷಣ ಸಿದ್ಧ ಮಾಡುತ್ತಿದ್ದೆ. ಆ ಮನುಷ್ಯನಿಗೆ ಹೇಳಲು ನನ್ನ ಹತ್ತಿರ ಬಹಳ ದಿನದ ಸಾಮಾನು ಇತ್ತು. ಹೆಂಡತಿಯ ಬಗ್ಗೆ ಡಬ್ಬಿಯನ್ನು ಕೇಳಬೇಕಾಯಿತಲ್ಲ, ಡಬ್ಬಿ ಸಾಲದೆ ಮೋನಮ್ಮನನ್ನು ಕೇಳಬೇಕಾಯಿತಲ್ಲ, ಪಕ್ಕದಲ್ಲಿ ಕೂತು ನೋಡಲು ಏನು ಧಾಡಿ ಬಡಿದಿತ್ತು ಎಂದೆಲ್ಲ. ಸುರಪುರದ ಗುಡ್ಡ ಹಿಂದೆ ಬಿದ್ದ ಮೇಲೆ ಗಂಟಲು ಸರಿ ಮಾಡಿಕೊಂಡು, "ಏನ್ ಯಂಕಣ್ಣ" ಎಂದು ಶುರು ಮಾಡಿದೆ.

ಕನ್ನಡಿಯಲ್ಲಿ ಮರಿಲಿಂಗಮ್ಮ ತುಟಿಯ ಮೇಲೆ ಬೆರಳಿಟ್ಟಳು.

ಬಗ್ಗಿ ನೋಡಿದೆ. ಯಂಕಣ್ಣನ ತಲೆ ಕಿಟಕಿಯ ಗಾಜಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಕೈ ಊಟದ ಚೀಲದ ಮೇಲೆ ಸಡಿಲವಾಗಿ ಬಿದ್ದಿದ್ದವು. ಗೊರಕೆ ಸಣ್ಣಗೆ ಕೇಳುತ್ತಿತ್ತು.

"ಈಶಪ್ಪ ಭಾವ ಹೋದಾಗಿಂದ ಗಾಡ್ಯಾಗ ಇವರು ಕಣ್ಣು ಮುಚ್ಚಿಲ್ಲ ಅಕ್ಕೋರ" ಎಂದು ಪಿಸುಗುಟ್ಟಿದಳು. "ಬಸ್ಸಿನ್ಯಾಗೂ ಮುಚ್ಚಲ್ಲ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಸ್ಟೀರಿಂಗಿನಿಂದ ಕೈ ತೆಗೆಯಬಾರದೆಂದು ಒರೆಸಿಕೊಳ್ಳದೆ ಬಿಟ್ಟಿದ್ದಳು.

ನನ್ನ ಭಾಷಣವನ್ನು ನುಂಗಿಕೊಂಡೆ. ಶಹಾಪುರ ಬಂತು. ಸಂತೆಯಂಥ ಆ ರಸ್ತೆಯಲ್ಲಿ ಒಮ್ಮೆಯೂ ಹಾರ್ನ್ ಹೊಡೆಯದೆ ದಾಟಿದಳು. ನನ್ನ ಮನೆ ಬಂತು, ನಿಲ್ಲಿಸಲಿಲ್ಲ. ಅವಳ ಮನೆಯ ಓಣಿ ಬಂತು, ಹೊರಳಲಿಲ್ಲ. ನಿಲ್ಲಿಸಿದರೆ ಎಚ್ಚರವಾದೀತೆಂದು ಯಾದಗಿರಿ ರಸ್ತೆ ಹಿಡಿದಳು, ನಾನು ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಕೂತೆ.